ಜಾವಳದ ಮಕ್ಕಳು

ಆಕೆ ನನ್ನ ತಂಗಿ ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಅಷ್ಟೇ ಮಾತು. ಸವಣೂರಿನ ಟೂರಿಂಗ್ ಟಾಕೀಸಿನಲ್ಲಿ, ಅಷ್ಟು ಜನರ ನಡುವೆ, ಅದು ಬಾಯಿಂದ ಬರಲಿಲ್ಲ.

ನನಗಾಗ ಹನ್ನೊಂದು, ಆಕೆಗೆ ಐದು. ವಿಷಮಜ್ವರದಿಂದ ಆಕೆ ಉಳಿದರೆ ಹುಲಗೂರಿನ ದರ್ಗಾದಲ್ಲಿ ಜಾವಳ ತೆಗೆಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಉಳಿದಳು. ಅಲ್ಲಿಯವರೆಗೆ ಕತ್ತರಿ ಮುಟ್ಟದ ತಲೆಯನ್ನು ಬೋಳಿಸಿ, ಸಕ್ಕರೆಗೆ ಫಾತಿಹಾ ಓದಿಸಿ, ಬಂದವರಿಗೆಲ್ಲ ಹಂಚಿದೆವು. ಅದಾದ ವಾರದಲ್ಲೇ ಅಪ್ಪ ಸವಣೂರಿನ ಸಂತೆಗೆ ಬಂದಾಗ ನಮ್ಮಿಬ್ಬರನ್ನೂ ಮೊದಲ ಆಟಕ್ಕೆ ನೆಲದ ಟಿಕೀಟಿನಲ್ಲಿ ಕೂರಿಸಿ, ತಿನ್ನಲು ಖಾರದ ಪೊಟ್ಟಣ ಕೊಟ್ಟು ಪೇಟೆಗೆ ಹೋದ.

ಕಥೆಯ ಚಿತ್ರಕ್ಕೆ ಮುಂಚೆ ಹಳೆಯ ಯುದ್ಧದ ಸುದ್ದಿಚಿತ್ರ ಹಚ್ಚಿದರು. ಮುಳ್ಳುತಂತಿಯ ಹಿಂದೆ ಮಕ್ಕಳು. ಪಟ್ಟೆ ಪಟ್ಟೆಯ ಅಂಗಿ, ನುಣ್ಣಗೆ ಬೋಳಿಸಿದ ತಲೆ. ಮಾತೆಲ್ಲ ಇಂಗ್ಲಿಷು. ಡೇರೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ.

"ಅಕ್ಕಾ, ನೋಡಽ! ಎಲ್ಲಾರ್ದೂ ಜಾವಳ ತಗದಾರ!"

"ಸುಮ್ನ ಕುಂದ್ರು."

"ಮತ್ತ ಯಾಕ ಯಾರೂ ನಗವಲ್ರು? ಅವರಿಗೆ ಸಕ್ಕರಿ ಕೊಟ್ಟಿಲ್ಲೇನು?"

ಹಿಂದಿನಿಂದ ಒಬ್ಬ, "ನೀನಽ ಹೋಗಿ ಕೊಟ್ಟು ಬಾರವಾ, ಬೋಳವ್ವ" ಎಂದ. ಜನ ನಕ್ಕರು. ಆಕೆಗೆ ಅದು ಚೇಷ್ಟೆ ಅನಿಸಲಿಲ್ಲ. ಎದ್ದು, ಕೂತವರ ಕಾಲು ತುಳಿಯುತ್ತ ಪರದೆಯ ಬುಡಕ್ಕೆ ಹೋಗಿ ಪೊಟ್ಟಣ ಎತ್ತಿ ಹಿಡಿದಳು. ಆಕೆಯ ಬೋಳುತಲೆಯ ನೆರಳೂ ಆ ಮಕ್ಕಳ ಸಾಲಿನಲ್ಲೇ ನಿಂತಿತು.

ಗೇಟಿನವನು ಬಂದು ರಟ್ಟೆ ಹಿಡಿದ. "ಯಾರ ಹುಡುಗೀರಿ ಇದು?"

"ಬಿಡು ನನ್ನ! ಮೊದಲ ಅವ್ರು ತಿನ್ಲಿ!" ಎಂದು ಕೊಸರಾಡಿದಳು. "ನಮ್ಮಕ್ಕ ಅಲ್ಲೆ ಅದಾಳ. ಅಕ್ಕಾ, ಹೇಳಽ ಇವಗ!"

ಎಲ್ಲರೂ ನನ್ನತ್ತ ತಿರುಗಿದರು.

"ನಿನ್ನ ತಂಗಿ ಏನಬೇ ಈಕಿ?"

ಅಲ್ಲ ಎಂದು ತಲೆಯಾಡಿಸಿದೆ.

ಆಕೆಯನ್ನು ಎಳೆದು ಹೊರಗೆ ಬಿಟ್ಟ. ನಾನು ಆಟ ಮುಗಿಯುವವರೆಗೂ ಕುಳಿತೇ ಇದ್ದೆ, ನಡುವೆ ನಕ್ಕದ್ದೂ ಉಂಟು. ಹೊರಗೆ ಬಂದಾಗ ಡೇರೆಯ ಗೂಟದ ಪಕ್ಕ ಕೂತಿದ್ದಳು. ಪೊಟ್ಟಣ ಬಿಚ್ಚಿರಲಿಲ್ಲ. ಅಪ್ಪನ ಮುಂದೆ ನನ್ನ ಚಾಡಿ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಅದು ನಗೆಯ ಕಥೆಯಾಯಿತು. ಪಾಪ, ಕೂಸು, ಏನು ತಿಳಿದೀತು ಎನ್ನುವವರೇ ಎಲ್ಲ. ನಾನು ಒಪ್ಪುವುದಿಲ್ಲ. ಆ ಮಕ್ಕಳು ಹಸಿದಿದ್ದರು, ಅದು ಆಕೆಗೆ ಕಂಡಿತು. ದೊಡ್ಡವರಿಗೆ ಕಾಣಲಿಲ್ಲ. ಡೇರೆ ತುಂಬ ಇದ್ದ ಗಂಡಸರು ಹೆಂಗಸರಲ್ಲಿ ಕೂತಲ್ಲಿಂದ ಎದ್ದವಳು ಆಕೆ ಒಬ್ಬಳೇ. ಇದು ದಡ್ಡತನ ಎನ್ನುವವರು ನನ್ನೆದುರು ಬಂದು ಹೇಳಲಿ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಕೆ ಓದಿದಳು. ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಸಂಜೆ, ನಾನು ಜೋಳ ಹಸನು ಮಾಡುತ್ತಿದ್ದೆ, ಆಕೆ ಪಾಟೀಚೀಲ ಕೂಡ ಇಳಿಸದೆ ಬಂದು ಎದುರು ಕೂತಳು. ಇತಿಹಾಸದ ಮಾಸ್ತರರು ಹೇಳಿದ್ದರಂತೆ: ಆ ಸುದ್ದಿಚಿತ್ರದ ಮಕ್ಕಳು ಯಹೂದಿಗಳು.

"ಅದು ಜಾವಳ ಅಲ್ಲಕ್ಕ. ಹಿಡದು ತಂದು ಬೋಳಿಸಿ, ಉಪಾಸ ಕೆಡವಿ ಕೊಂದ್ರಂತ. ಸಣ್ಣ ಸಣ್ಣ ಹುಡುಗ್ರನ್ನೂ ಬಿಡಲಿಲ್ಲಂತ. ನೆರೆಮನಿಯವ್ರೆಲ್ಲ ಸುಮ್ಮನಿದ್ರಂತ."

ಮೊರ ಕೆಳಗಿಟ್ಟೆ. ಇನ್ನು ಹೇಳದಿದ್ದರೆ ಎಂದಿಗೂ ಹೇಳಲಾರೆ ಅನಿಸಿತು.

"ನಾ ಸುಮ್ಮನರ ಇದ್ದಿದ್ರ ಚಲೋ ಇತ್ತು," ಎಂದೆ. "ನೀ ನನ್ನ ತಂಗೀನಽ ಅಲ್ಲ ಅಂದ್ನಿ. ನಂದು ತಪ್ಪಾತವಾ."