ಮಳೆಕಾಡಿನ ಪತಂಗಕ್ಕೆ ಮಾನ್ವಿಯ ಸನ್ಮಾನ

ನಮ್ಮ ಜಿಲ್ಲೆಯಲ್ಲಿ ಯಾವ ಜೀವಿಯನ್ನು ಗೌರವಿಸಬೇಕಾದರೂ ಮೊದಲು ವೇದಿಕೆ ಬೇಕು, ವೇದಿಕೆಗೆ ಅಧ್ಯಕ್ಷರು ಬೇಕು, ಅಧ್ಯಕ್ಷರಿಗೆ ಶಾಲು ಬೇಕು. ಜೀವಿ ಬದುಕಿರಲೇಬೇಕೆಂಬ ಕಡ್ಡಾಯವೇನಿಲ್ಲ.

ಹೋದ ವರ್ಷ ಮಾನ್ವಿಯ ಒಂದು ಕಾಲೇಜಿನಲ್ಲಿ ಮಳೆಕಾಡಿನ ಕೀಟ ವೈವಿಧ್ಯವನ್ನು ಕುರಿತು ವಿಚಾರ ಸಂಕಿರಣ ನಡೆಯಿತು. ಕೀಟಗಳ ಬಗ್ಗೆ ನನಗೆ ತಿಳಿದಿರುವುದು ಅವು ಕಡಿಯುತ್ತವೆ ಎಂಬುದಷ್ಟೇ. ಆದರೆ ನಾನು ನಿವೃತ್ತ ಮಾಸ್ತರ. ಕರೆದರೆ ರಾಯಚೂರಿನಿಂದ ಬಸ್ಸು ಹತ್ತಿ ಬರುತ್ತೇನೆ. ಹಾಗಾಗಿ ಅಧ್ಯಕ್ಷತೆ ನನ್ನ ಪಾಲಿಗೆ ಬಂತು.

ಮಾತಾಡಬೇಕಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ದೇವದುರ್ಗದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಘಟ್ಟದ ಕಾಡಿನಿಂದ ತರಿಸಿದ ದೊಡ್ಡ ಪತಂಗದ ಗೂಡೊಂದನ್ನು ವಾರಗಟ್ಟಲೆ ನೀರು ಚಿಮುಕಿಸಿ ಕಾಪಾಡಿದ್ದಳು. ಅದು ಹೊರಬಂದು ಅಂಗೈಗಿಂತ ಅಗಲದ ರೆಕ್ಕೆ ಬಿಚ್ಚುವುದನ್ನು ತನ್ನ ವಿದ್ಯಾರ್ಥಿಗಳು ಕಣ್ಣಾರೆ ಕಾಣಬೇಕು, ಇಷ್ಟೇ ಅವಳ ಆಸೆ. ಬೆಳಗ್ಗೆಯೇ ಬಂದು ಬಟ್ಟೆ ಮುಚ್ಚಿದ ಪಂಜರವನ್ನು ವೇದಿಕೆಯ ಮೇಲಿಟ್ಟು, ಮಕ್ಕಳ ಬಸ್ಸಿಗೆ ಕಾಯುತ್ತ ಗೇಟಿನ ಬಳಿ ನನ್ನೊಡನೆ ಚಹಾ ಕುಡಿದಳು.

"ಗೂಡಿನೊಳಗ ಪರಚೂ ಸಪ್ಪಳ ಬರಾಕತ್ತದ್ರೀ ಸರ್. ಇವತ್ತ ಹೊರಗ ಬರ್ತದ. ಇದಕ್ಕ ಬಾಯಿನೇ ಇಲ್ರೀ, ಏನೂ ತಿನ್ನಂಗಿಲ್ಲ."

"ಹಂಗಾರ ಇವತ್ತ ವೇದಿಕಿ ಮ್ಯಾಲ ಸಜ್ಜನ ಅಂದ್ರ ಅದೊಂದ ನೋಡವ್ವ," ಎಂದೆ.

ಮಕ್ಕಳು ಬಂದರು. ಸಭಾಂಗಣದೊಳಗೆ ಕಾಲಿಟ್ಟರೆ ಘಾಟು. ಬಾಗಿಲಲ್ಲಿ ನಿಂತಿದ್ದರು ಸಂಸ್ಥೆಯ ಚೇರ್ಮನ್ನರು, ಅಕ್ಕಿ ಮಿಲ್ಲಿನ ಧಣಿಗಳು. ಹೊಸ ಭತ್ತ ಬರುವ ಮುಂಚೆ ಗೋದಾಮಿಗೆ ಕೀಟನಾಶಕದ ಎಣ್ಣಿ ಹೊಡೆಸುವುದು ಮಿಲ್ಲಿನವರ ಪದ್ಧತಿ. ಅತಿಥಿಗಳಿಗೆ ಭತ್ತಕ್ಕಿಂತ ಕಡಿಮೆ ಮರ್ಯಾದೆ ಸಲ್ಲಬಾರದೆಂದು ಅವರ ಔದಾರ್ಯಕ್ಕೆ ತೋಚಿತ್ತು.

"ಬರ್ರಿ ಮೇಡಂ. ಈಗಷ್ಟ ಮೂಲಿ ಮೂಲಿಗೂ ಎಣ್ಣಿ ಹೊಡಿಸೀನಿ. ಒಂದ ಹುಳಾ ಕಂಡ್ರ ನನ್ನ ಕೇಳ್ರಿ."

ಅವಳು ವೇದಿಕೆಗೆ ಓಡಿ ಬಟ್ಟೆ ಸರಿಸಿದಳು. ಪತಂಗ ಹೊರಬಂದಿತ್ತು. ಮುದುಡಿದ ರೆಕ್ಕೆ ಅರ್ಧ ಬಿಚ್ಚಿ ಅಲ್ಲಿಗೇ ನಿಂತಿತ್ತು. ಕಾಲೊಂದು ಅಲುಗಿತು; ಆಮೇಲೆ ಅದೂ ಇಲ್ಲ.

"ಮಲ್ಕೊಂಡದೇನ್ರೀ ಮಿಸ್?" ಒಬ್ಬ ಹುಡುಗಿ ಕೇಳಿದಳು.

"ಇಲ್ಲವ್ವ."

ಚೇರ್ಮನ್ನರು ಬಗ್ಗಿ ನೋಡಿ, ನನ್ನ ಕಿವಿಯ ಬಳಿ ಬಂದರು. "ಎಣ್ಣಿ ಅಸಲಿ ಅದ ನೋಡ್ರಿ ಮಾಸ್ತರ. ಪ್ಯಾಟ್ಯಾಗ ಈಗ ಬರೀ ನಕಲಿ."

ಕಾರ್ಯಕ್ರಮ ನಿಲ್ಲಲಿಲ್ಲ. ನಿಲ್ಲಲು ಏನಾಗಿತ್ತು? ದೀಪ ಬೆಳಗಿತು. ಇರುವೆಗೂ ಸಕ್ಕರೆ ಹಾಕುವ ಸಂಸ್ಕೃತಿ ನಮ್ಮದೆಂದು ಚೇರ್ಮನ್ನರು ಕೆಮ್ಮುತ್ತಲೇ ಸಾರಿದರು. ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರು. ಇಷ್ಟು ಭಾವಪೂರ್ಣವಾದ ಸಭೆಯನ್ನು ನಾನು ಕಂಡಿಲ್ಲ. ಬಳಿಕ ಅವಳ ಹೆಗಲಿಗೆ ಜರಿಯ ಶಾಲು ಹೊದಿಸಿದರು. ಅವಳು ಅದನ್ನು ತೆಗೆದು, ಎರಡು ಮಡಿಕೆ ಮಾಡಿ, ಪಂಜರಕ್ಕೆ ಹೊದಿಸಿ ಕುಳಿತಳು.

ಅದೂ ಕಾರ್ಯಕ್ರಮದ ಭಾಗವೆಂದುಕೊಂಡು ಗಣ್ಯರು ಜೋರಾಗಿ ಚಪ್ಪಾಳೆ ತಟ್ಟಿದರು. ದೇವದುರ್ಗದ ಮಕ್ಕಳು ತಟ್ಟಲಿಲ್ಲ.