ಆದಿಲಕ್ಷ್ಮಮ್ಮನ ಕಾಮಾಲೆ ಔಷಧಿ

ಬೂದಿಗೆರೆಯಲ್ಲಿ ಯಾರ ಕಣ್ಣು ಹಳದಿಯಾದರೂ ಮೊದಲು ನೆನಪಾಗುವುದು ಪಕ್ಕದ ಮನೆಯ ಆದಿಲಕ್ಷ್ಮಮ್ಮ. ಭಾನುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋದರೆ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದಳು. ಅತ್ತೆಯಿಂದ ಬಂದ ವಿದ್ಯೆ, ಕೊಟ್ಟಿದ್ದಕ್ಕೆ ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಒಂದು ಕಾಸೂ ಮುಟ್ಟುವಂತಿಲ್ಲ. ಪಥ್ಯವಂತೂ ಕಟ್ಟುನಿಟ್ಟು: ಉಪ್ಪಿಲ್ಲ, ಎಣ್ಣೆಯಿಲ್ಲ, ಇಂಗ್ಲಿಷ್ ಔಷಧಿಯ ಸುದ್ದಿಯೇ ಇಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದಂತೆ, ಆದರೆ ವಾಸಿ ಮಾಡಿದ ಹೆಸರು ಸೊಪ್ಪಿಗೆ ಬರುತ್ತದೆ. ನಾನೂ ಕುಡಿದು ಹೊಗಳಿದವರಲ್ಲಿ ಒಬ್ಬ, ನಂಬದವನೆಂಬ ಜಂಬ ನನಗೂ ಇಲ್ಲ.

ಹೋದ ವರ್ಷ ಆಕೆಯ ತಮ್ಮ, ಕ್ಯಾಬ್ ಓಡಿಸುವ ಬೈರಣ್ಣನಿಗೇ ಕಾಮಾಲೆ ಬಂತು. ಪಥ್ಯ ಕೆಡಬಾರದೆಂದು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಅವನಿಗೆ ಮೈಯೆಲ್ಲ ತುರಿಕೆ, ಮಲ ಸುಣ್ಣದಂತೆ ಬೆಳ್ಳಗೆ, ಆಮೇಲೆ ನಡುಗಿಸುವ ಜ್ವರ. ಹೆಂಡತಿ ಆಶಾರಾಣಿ ಅಂಗಲಾಚಿದಳು.

"ಅಕ್ಕಾ, ಆಸ್ಪತ್ರೆಗೆ ಕರ್ಕೊಂಡೋಗ್ತೀನಿ."

"ಪಥ್ಯ ಮುರಿದ್ರೆ ಔಷಧಿ ಹತ್ತಲ್ಲ ಕಣೇ. ಇನ್ನೊಂದು ಭಾನುವಾರ ತಡಿ."

ಆ ಭಾನುವಾರ ಬೈರಣ್ಣ ಕಣ್ಣೇ ಬಿಡಲಿಲ್ಲ. ದೇವನಹಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. "ಎಲ್ಲ ಕಾಮಾಲೆನೂ ಒಂದೇ ಅಲ್ಲಮ್ಮ," ಎಂದರು ಡಾಕ್ಟರು. "ಜ್ವರ ಬಂದಾಗಲೇ ಬರಬಾರದಿತ್ತಾ? ಯಾರು ತಡೆದೋರು?"

ಆಶಾರಾಣಿ ತಲೆ ತಗ್ಗಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಅವಳು ಬೈದಿದ್ದರೆ, ಪಕ್ಕದಲ್ಲೇ ನಿಂತಿದ್ದ ಆದಿಲಕ್ಷ್ಮಮ್ಮ ತಡೆದುಕೊಳ್ಳುತ್ತಿದ್ದಳೇನೋ. ಬಾಯಿಂದ ನಳಿಕೆ ಇಳಿಸಿ ಕಲ್ಲು ತೆಗೆದರು. ತಮ್ಮ ಐಸಿಯುನಲ್ಲಿದ್ದಷ್ಟು ದಿನ ಆಕೆಯೂ ಉಪ್ಪು ಮುಟ್ಟಲಿಲ್ಲ. ಮಾಡಿದ ತಪ್ಪು ಪಥ್ಯದಿಂದ ಇಳಿಯುತ್ತದೆಯೇ?

ಬೈರಣ್ಣ ಬದುಕಿ ಬಂದ. ಇತ್ತ ಬಾಗಿಲಿಗೆ ಬಂದವರನ್ನು ವಾಪಸ್ಸು ಕಳಿಸಲು ಧೈರ್ಯ ಸಾಲದೆ ಆದಿಲಕ್ಷ್ಮಮ್ಮ ಮತ್ತೆ ಅರೆಯುವ ಕಲ್ಲಿನ ಮುಂದೆ ಕೂತಳು. ಒಂದು ಭಾನುವಾರ ಬೈರಣ್ಣ ಹೆಂಡತಿಯ ಜೊತೆ ಬಂದ. ಹಿಂದೆ ಹಳದಿ ಕಣ್ಣಿನ ಗೆಳೆಯ ಮುನಿರಾಜ್.

"ಅಕ್ಕಾ, ಇವನಿಗೂ ಒಂದು ಲೋಟ ಕೊಡು. ಲೇ ಮುನಿರಾಜ, ಆಪರೇಷನ್ ಎಲ್ಲಾ ಆಮೇಲೆ ಕಣೋ, ನನ್ನ ಜೀವ ಹಿಡ್ಕೊಂಡಿದ್ದು ಅಕ್ಕನ ಔಷಧೀನೇ!"

ಕೂತಿದ್ದವರೆಲ್ಲ ತಲೆಯಾಡಿಸಿದರು, ನಾನೂ ಸೇರಿ. ಸುಮ್ಮನಿದ್ದಿದ್ದರೆ ಆಕೆಯ ಮರ್ಯಾದೆ ಉಳಿಯುತ್ತಿತ್ತು.

"ಅಲ್ಲ ಕಣೋ ಬೈರಾ," ಎಂದಳು ಸೊಪ್ಪು ಕೆಳಗಿಟ್ಟು. "ನಿನ್ನ ಸಾಯಿಸ್ಬಿಡ್ತಿದ್ದೆ ನಾನು. ಆಶಾ ಅತ್ಕೊಂಡು ಕರ್ಕೊಂಡೋಗ್ತೀನಿ ಅಂದ್ಲು. ನಾನೇ ಬಿಡ್ಲಿಲ್ಲ. ಇವನನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗು."

ಆಗ ಜ್ವರದ ಮಂಪರಿನಲ್ಲಿದ್ದ ಬೈರಣ್ಣನಿಗೆ ಇದೇನೂ ಗೊತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದ. ಇಷ್ಟು ದಿನ ಮುಚ್ಚಿಟ್ಟಿದ್ದ ಆಶಾರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಮುನಿರಾಜನನ್ನು ಕಾರಿಗೆ ಹತ್ತಿಸಿದ. ಎಂದೂ "ಬರ್ತೀನಿ ಅಕ್ಕಾ" ಎನ್ನದೆ ಹೊಸಿಲು ದಾಟದವನು, ಅವತ್ತು ಹಾಗೆಯೇ ಹೊರಟುಹೋದ.