ಮೇಡಂ ತಿದ್ದಿದ ಇಮೇಲು

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮಿಕ್ಕ ಒಂಬತ್ತೂ ಮಟ್ಟಸವಾಗಿ ಕತ್ತರಿಸಿದವು. ಪಾರ್ಸೆಲ್ಲಿಗೆ ತಪ್ಪಾಗಿ ಅಂಟಿಸಿದ ಲೇಬಲ್ಲನ್ನು ಆ ಒಂದು ಉಗುರಿನಿಂದ, ರಟ್ಟು ಹರಿಯದ ಹಾಗೆ, ಮೆಲ್ಲಗೆ ಎಬ್ಬಿಸುತ್ತಿದ್ದರು. ಗಾಂಧಿ ಬಜಾರಿನ ಆ ಕೊರಿಯರ್ ಕೌಂಟರಿಗೆ ಅವರೇ ಯಜಮಾನಿ ಎಂದು ನಾನು ಮೊದಲು ತಿಳಿದಿದ್ದೆ. ನನ್ನ ಹಾಗೆ ಅವರೂ ಸಂಬಳದವರೇ. ನಾನು ಹೊಸಬಳು, ಅವರು ಇನ್‌ಚಾರ್ಜ್.

ಬರೆದ ವಿಳಾಸವನ್ನು ಮೇಡಂ ಸುಲಭಕ್ಕೆ ನಂಬುತ್ತಿರಲಿಲ್ಲ. "ಇದಿರ್ಲಿ, ಆಟೋದವ್ರಿಗೆ ಏನಂತ ಹೇಳ್ತೀರಿ?" ಎಂದು ಗಿರಾಕಿಯನ್ನು ಕೇಳುವರು. ಆಗ ನಿಜವಾದ ವಿಳಾಸ ಹೊರಬೀಳುತ್ತಿತ್ತು: ರವೀಂದ್ರನಗರ, ನೀರಿನ ಟ್ಯಾಂಕ್ ದಾಟಿ, ಹಸಿರು ಗೇಟು. ಅದನ್ನೂ ಲೇಬಲ್ಲಿಗೆ ಸೇರಿಸುವರು. ಹಿಂದೆ ಸಾಲು ಬೆಳೆಯುತ್ತಿದ್ದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅವರಿಗೆ ಏನೂ ಆಗುತ್ತಿರಲಿಲ್ಲ.

ಮಗಳು ಶಾಲೆಗೆ ಸೇರಿದ ಮೇಲೆ ಹಟ ಹಿಡಿದು ಹುಡುಕಿಕೊಂಡ ಕೆಲಸ ನನ್ನದು. ಕಾಯಂ ಆಗಲು ಇನ್ನೊಂದೇ ವಾರವಿತ್ತು. ಆ ವಾರವೇ ಎರಡು ಪಾರ್ಸೆಲ್ಲುಗಳ ಲೇಬಲ್ ಅದಲುಬದಲು ಮಾಡಿಬಿಟ್ಟೆ. ಭದ್ರಾವತಿಯ ಮದುವೆ ಮನೆಗೆ ಹೋಗಬೇಕಿದ್ದ ಧಾರೆ ಸೀರೆಯ ರವಿಕೆ ಸಾಗರಕ್ಕೆ ಹೋಯಿತು. ಮದುವೆ ಮನೆಯವರಿಗೆ ಮಿಕ್ಸಿ ಜಾರು ತಲುಪಿತು. "ನಮ್ಮ ಹುಡುಗಿ ಈ ಜಾರ್ ತೊಟ್ಕೊಂಡು ಹಸೆಮಣೆ ಮೇಲೆ ನಿಲ್ಬೇಕೇನ್ರೀ?" ಎಂದು ಹುಡುಗಿಯ ತಾಯಿ ಫೋನಿನಲ್ಲಿ ಕೂಗಿದರು.

ಮೇಡಂ ಸಾಗರದಿಂದ ರವಿಕೆಯನ್ನು ಬಸ್ಸಿನಲ್ಲಿ ತರಿಸಿ, ತಾವೇ ಭದ್ರಾವತಿಗೆ ಹೋಗಿ ಕೊಟ್ಟು ಬಂದರು. ಅಷ್ಟರೊಳಗೆ ದೂರು ಮುಖ್ಯ ಕಚೇರಿ ಮುಟ್ಟಿತ್ತು. ಏನಾಯಿತೆಂದು ನಾನು ಇಮೇಲ್ ಬರೆಯಬೇಕಾಯಿತು. ‘ಗ್ರಾಹಕರು ವಿಳಾಸ ಸರಿಯಾಗಿ ಬರೆದಿರಲಿಲ್ಲ’ ಎಂದು ಟೈಪ್ ಮಾಡಿ, ರೂಢಿಯಂತೆ ಮೇಡಂಗೆ ತೋರಿಸಿದೆ.

"ಚೆನ್ನಾಗಿ ಬರ್ದಿದೀಯ ಮಾರಾಯ್ತಿ. ಈ ಸಾಲು ಮಾತ್ರ ಸುಳ್ಳು" ಎಂದರು.

"ಕೆಲಸ ಹೋಗುತ್ತೆ ಮೇಡಂ."

ಅವರು ಆ ಸಾಲು ಅಳಿಸಿದರು. ‘ಲೇಬಲ್ ಅದಲುಬದಲಾಗಿದ್ದು ನಮ್ಮ ಕೌಂಟರಿನಲ್ಲಿ. ಕಳಿಸುವ ಮುನ್ನ ನೋಡಬೇಕಾದವಳು ನಾನು, ನೋಡಲಿಲ್ಲ’ ಎಂದು ಬರೆದು, ಕೆಳಗಿದ್ದ ನನ್ನ ಹೆಸರು ತೆಗೆದು ತಮ್ಮ ಹೆಸರು ಹಾಕಿದರು. ನಾನು ಬೇಡವೆನ್ನಲಿಲ್ಲ. ನಾಚಿಕೆಗಿಂತ ಸಮಾಧಾನವೇ ಹೆಚ್ಚಾಗಿತ್ತು.

ಮೇಡಂಗೆ ಎಚ್ಚರಿಕೆಯ ಪತ್ರ ಬಂತು, ಅಷ್ಟು ವರ್ಷಗಳ ನೌಕರಿಯಲ್ಲಿ ಅದೊಂದೇ. ನನ್ನ ಕೆಲಸ ಕಾಯಂ ಆಯಿತು.

ಈಗ ಅವರು ನಿವೃತ್ತರಾಗಿ ಭದ್ರಾವತಿಯಲ್ಲಿ ಅಕ್ಕನ ಜೊತೆ ಹಾಯಾಗಿದ್ದಾರೆ. ಅವರ ಕುರ್ಚಿಯಲ್ಲಿ ನಾನಿದ್ದೇನೆ. ಮೊನ್ನೆ ಫೈಲುಗಳನ್ನು ಜೋಡಿಸುವಾಗ ಆ ಎಚ್ಚರಿಕೆಯ ಪತ್ರ ಸಿಕ್ಕಿತು. ತಡೆಯಲಾರದೆ ಫೋನ್ ಮಾಡಿದೆ. "ಇದ್ರಲ್ಲಿ ಇರ್ಬೇಕಾಗಿದ್ದು ನನ್ನ ಹೆಸರು ಮೇಡಂ" ಎಂದೆ.

"ಅದನ್ನ ತಿದ್ದೋಕೆ ಹೋಗ್ಬೇಡ" ಎಂದರು. "ಸರಿಯಾಗೇ ಇದೆ."